ಸವಾಲು ಕೂಗುವವರ ದನಿ

ಆ ಮಂಗಳವಾರ ಆಪ್ತಸಮಾಲೋಚಕಿ ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು. ಗಂಡಸು, ಐವತ್ತೆರಡು ವರ್ಷ. ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಪೂರ್ತಿ ತೆಗೆಯಬೇಕೆಂದು ಸರ್ಜನ್ ಹೇಳಿದ್ದಾರೆ. ಉದ್ಯೋಗ, ತರಕಾರಿ ಮಾರುಕಟ್ಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವುದು.

ಮೂರನೆಯ ಸಾಲು ಓದಿದ ಕೂಡಲೇ ಇವರ ಕಷ್ಟವೇನೆಂದು ನನಗೆ ಅರ್ಥವಾಯಿತು ಅಂದುಕೊಂಡೆ. ನಾನು ದಾರಿ ತಪ್ಪಿದ್ದು ಅಲ್ಲಿಂದಲೇ.

ನಾನು ಹರಿಹರದವನು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು. ಆರು ವರ್ಷದ ಹಿಂದೆ ಇದೇ ರೋಗಕ್ಕೆ ನನ್ನ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ನಾನು ಉಸಿರಾಡುವುದು ಮೂಗಿನಿಂದಲ್ಲ, ಕುತ್ತಿಗೆಯ ಬುಡದಲ್ಲಿರುವ ಒಂದು ರಂಧ್ರದಿಂದ. ಅದರ ಹಿಂಭಾಗದ ಗೋಡೆಯಲ್ಲಿ ಅನ್ನನಾಳಕ್ಕೆ ತೆರೆದುಕೊಳ್ಳುವ ಒಂದು ಪುಟ್ಟ ವಾಲ್ವ್ ಕೂರಿಸಿದ್ದಾರೆ. ಮಾತಾಡಬೇಕೆಂದರೆ ಹೆಬ್ಬೆರಳಿನಿಂದ ರಂಧ್ರ ಮುಚ್ಚಿ ಉಸಿರು ಬಿಡಬೇಕು. ಗಾಳಿ ಅನ್ನನಾಳದ ಕಡೆ ತಿರುಗಿ, ಅಲ್ಲಿ ನಡುಗಿ, ಬಾಯಿಗೆ ಬಂದು ಮಾತಾಗುತ್ತದೆ. ದನಿ ಗೊಗ್ಗರು. ಆದರೆ ಬಸ್ಸಿನಲ್ಲಿ ಟಿಕೆಟ್ ಕೇಳಲು, ಹೆಂಡತಿಯ ಜೊತೆ ಜಗಳವಾಡಲು ಸಾಕು.

ವಾರಕ್ಕೆ ಎರಡು ದಿನ ದಾವಣಗೆರೆಯ ಆಸ್ಪತ್ರೆಗೆ ಹೋಗಿ, ಹೊಸದಾಗಿ ಈ ರೋಗ ಗೊತ್ತಾದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ನಮ್ಮನ್ನು ಅಲ್ಲಿ 'ಜೊತೆಗಾರರು' ಅನ್ನುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆಪ್ತಸಮಾಲೋಚಕಿ ಕೆಲವು ಕಟ್ಟಳೆಗಳನ್ನು ಹೇಳಿಕೊಟ್ಟಿದ್ದರು. ಔಷಧ, ಚಿಕಿತ್ಸೆಯ ಬಗ್ಗೆ ಸಲಹೆ ಕೊಡಬಾರದು. ವಾಸಿಯಾಗುತ್ತದೆ ಎಂದು ಭರವಸೆ ಕೊಡಬಾರದು. ನಮಗೆ ಆದದ್ದನ್ನು ಮಾತ್ರ, ಕೇಳಿದಷ್ಟು ಮಾತ್ರ ಹೇಳಬೇಕು. ಅವರಾಗಿ ಕರೆಯದೆ ಮನೆಗೆ, ಅಂಗಡಿಗೆ ಹೋಗಬಾರದು. "ಸರ್, ನೀವು ಯಾರನ್ನೂ ಒಪ್ಪಿಸೋಕೆ ಬಂದಿಲ್ಲ, ನೆನಪಿರಲಿ" ಎಂದು ಅವರು ಆಗಾಗ ಎಚ್ಚರಿಸುತ್ತಿದ್ದರು. ನನ್ನ ಮಗಳ ವಯಸ್ಸಿನವರು. ಆದರೂ ಅವರು ಆ ಮಾತು ಹೇಳುವಾಗ, ಪಾಠ ಒಪ್ಪಿಸಲು ನಿಂತ ಹುಡುಗನ ಹಾಗೆ ನನಗೆ ಭಯವಾಗುತ್ತಿತ್ತು.

ಸವಾಲು ಕೂಗುವವರು ಬಂದು ಕೂತರು. ಎತ್ತರದ ಆಳು, ಹೆಗಲ ಮೇಲೆ ಟವೆಲ್, ಗಡ್ಡಕ್ಕೆ ಮೆಹೆಂದಿ. ದನಿ ಆಗಲೇ ಒಡೆದಿತ್ತು, ಮಾತಿನ ಕೊನೆಯ ಅಕ್ಷರ ಬರೀ ಗಾಳಿಯಾಗಿ ಹೋಗುತ್ತಿತ್ತು. ನಾನು ಕೊರಳ ಬಟ್ಟೆ ಸರಿಸಿ ರಂಧ್ರ ತೋರಿಸಿದೆ, ಹೆಬ್ಬೆರಳಿಟ್ಟು ಮಾತಾಡಿ ತೋರಿಸಿದೆ. ಅವರು ಬಗ್ಗಿ ನೋಡಿದರು.

"ನೋವಾಗಲ್ವ ಮೇಷ್ಟ್ರೇ?"

"ಈಗಿಲ್ಲ ಸಾಹೇಬ್ರೇ. ಮೊದಲ ಹದಿನೈದು ದಿನ ಇತ್ತು."

"ಬರೇ ಕರೆಂಟ್ ಕೊಟ್ರೆ ಆಗಲ್ವ?"

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೇ. ಅದನ್ನು ಡಾಕ್ಟರನ್ನೇ ಕೇಳಬೇಕು ಎಂದೆ. "ಕೇಳೀನಿ. ಮೃದು ಎಲುಬಿಗೆ ಇಳದೈತೆ, ಕರೆಂಟಿಂದ ಆಗಲ್ಲ, ತೆಗೀಲೇಬೇಕು ಅಂದ್ರು" ಎಂದು ತಾವೇ ಉತ್ತರ ಹೇಳಿಕೊಂಡರು.

ಆಗ ನಾನು ಶುರು ಮಾಡಿದೆ. ದನಿ ಹೋದ ಮೇಲೆ ಪಾಠ ಹೇಳುವ ಕೆಲಸ ಬಿಟ್ಟು ಶಾಲೆಯ ಕಚೇರಿಯಲ್ಲಿ ಕೂತದ್ದು, ಮೈಕು ಕಟ್ಟಿಕೊಂಡು ಮತ್ತೆ ಒಂದು ತರಗತಿ ತೆಗೆದುಕೊಂಡದ್ದು, ಮಾರುಕಟ್ಟೆಯಲ್ಲೂ ಕೂಗದೆ ಮಾಡುವ ಕೆಲಸಗಳು ಇರುವುದು. ಇಪ್ಪತ್ತು ನಿಮಿಷ ಕೆಲಸದ ಬಗ್ಗೆಯೇ ಮಾತಾಡಿರಬೇಕು. ಅವರು ಪ್ರತಿ ಮಾತಿಗೂ ತಲೆಯಾಡಿಸಿದರು. ನಡುವೆ ನನಗೆ ಕೆಮ್ಮು ಬಂತು. ಬಟ್ಟೆ ಹಿಡಿಯುವುದು ಒಂದು ಕ್ಷಣ ತಡವಾಗಿ, ಕಫ ರಂಧ್ರದಿಂದ ಸಿಡಿದು ಮೇಜಿನ ಮೇಲೆ ಬಿತ್ತು. ಅವರು ಕಣ್ಣು ಬೇರೆ ಕಡೆ ತಿರುಗಿಸಿದರು. ಆಮೇಲೆ ತಮ್ಮ ಹೆಗಲ ಟವೆಲಿನಿಂದ ಮೇಜು ಒರೆಸಿ, "ಇರ್ಲಿ ಬಿಡ್ರಿ" ಎಂದರು.

ಮುಂದಿನ ವಾರ ಬಂದರು, ಅದೇ ಮಾತುಕತೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲಿಲ್ಲ. ಮೂರನೆಯ ವಾರ ಬರಲೇ ಇಲ್ಲ. ಫೋನ್ ಆಫ್. ಶಸ್ತ್ರಚಿಕಿತ್ಸೆಗೆ ಇಟ್ಟಿದ್ದ ದಿನವನ್ನು ಆಸ್ಪತ್ರೆಯವರು ಇನ್ನೊಬ್ಬರಿಗೆ ಕೊಟ್ಟರು.

ನನಗೆ ತಲೆಕೆಟ್ಟಿತು. ನನ್ನ ಕಫ ನೋಡಿ ಹೆದರಿದರೋ, ನನ್ನ ದನಿ ಕೇಳಿ ಹೆದರಿದರೋ? ನಾನು ಬಾರದೇ ಹೋಗಿದ್ದರೆ ಅವರು ಸರ್ಜನ್ ಮಾತಿಗೆ ತಲೆಬಾಗಿ ಸಹಿ ಹಾಕುತ್ತಿದ್ದರೋ ಏನೋ. ನನ್ನಂಥವನನ್ನು ಎದುರಿಗೆ ಕೂರಿಸುವುದು ಧೈರ್ಯ ತುಂಬಲಿಕ್ಕೆ ಅನ್ನುತ್ತಾರೆ. ಆದರೆ ನನ್ನನ್ನು ನೋಡಿ ಓಡಿಹೋದವರ ಲೆಕ್ಕ ಯಾರು ಇಟ್ಟಿದ್ದಾರೆ? ಆಪ್ತಸಮಾಲೋಚಕಿಯ ಹತ್ತಿರ ಇದನ್ನೇ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ನನಗೂ ಗೊತ್ತಿಲ್ಲ ಸರ್. ಆದ್ರೆ ಹಿಂದೆ ಬೀಳಬೇಡಿ. ಬರದೇ ಇರೋದು ಅವರ ಹಕ್ಕು."

ಹಕ್ಕು ಸರಿ. ಆದರೆ ಗಂಟಲೊಳಗಿನ ಗಡ್ಡೆಗೆ ಈ ಹಕ್ಕಿನ ವಿಷಯ ತಿಳಿಯುವುದಿಲ್ಲವಲ್ಲ. ಸಂಜೆ ಹರಿಹರಕ್ಕೆ ಮರಳುವ ಬಸ್ಸಿನಲ್ಲಿ, ದಾರಿಯ ಬಾತಿ ಊರು ದಾಟಿದ ಮೇಲೂ ಅದನ್ನೇ ಯೋಚಿಸಿದೆ.

ಎರಡು ದಿನ ಬಿಟ್ಟು, ಬೆಳಗಿನ ಮೊದಲ ಬಸ್ಸು ಹತ್ತಿ ದಾವಣಗೆರೆಯ ತರಕಾರಿ ಮಾರುಕಟ್ಟೆಗೆ ಹೋದೆ. ಕಟ್ಟಳೆ ಮುರಿಯುತ್ತಿದ್ದೇನೆಂದು ಗೊತ್ತಿತ್ತು. ಕೈಯಲ್ಲಿ ಒಂದು ಚೀಲ ಹಿಡಿದಿದ್ದೆ, ಯಾರಾದರೂ ಕೇಳಿದರೆ ಬದನೆಕಾಯಿ ತಗೊಳ್ಳಲು ಬಂದೆ ಅನ್ನಲು. ಟೊಮೆಟೊ ಕ್ರೇಟುಗಳ ನಡುವೆ, ಒಂದು ಮುರುಕು ಸ್ಟೂಲಿನ ಮೇಲೆ ಅವರು ನಿಂತಿದ್ದರು. ಸುತ್ತ ವ್ಯಾಪಾರಿಗಳು. ಅವರು ದರ ಕೂಗುತ್ತಿದ್ದರು, ಆದರೆ ಕೂಗು ಮೂರಡಿ ದಾಟುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಇನ್ನೊಬ್ಬ ಅದನ್ನೇ ಕೇಳಿಸಿಕೊಂಡು ಜೋರಾಗಿ ಕೂಗುತ್ತಿದ್ದ. ಯಾರಿಗೂ ಅದು ವಿಚಿತ್ರ ಅನ್ನಿಸಿದ ಹಾಗಿರಲಿಲ್ಲ. ಎಷ್ಟೋ ದಿನದಿಂದ ಹಾಗೇ ನಡೆದಿತ್ತೆಂದು ಕಾಣುತ್ತದೆ. ಕೆಲಸ ಹೋಗುತ್ತದೆಂಬ ಭಯ ಅವರದು ಎಂದು ನಾನು ನಂಬಿದ್ದೆ. ಅರ್ಧ ಕೆಲಸ ಆಗಲೇ ಕೈದಾಟಿದ್ದನ್ನು ಅವರು ಸಮಾಧಾನದಿಂದಲೇ ಒಪ್ಪಿಕೊಂಡಿದ್ದರು. ಹಾಗಾದರೆ ಭಯ ಯಾವುದರದ್ದು?

ನನ್ನನ್ನು ಕಂಡು ಸ್ಟೂಲಿನಿಂದ ಇಳಿದು ಬಂದರು. ಬೈಯುತ್ತಾರೆ ಅಂದುಕೊಂಡೆ. "ಬರ್ರಿ, ಚಾ ಕುಡಿಯಾಣ" ಎಂದು ಮೂಲೆಯ ಹೋಟೆಲಿಗೆ ಕರೆದುಕೊಂಡು ಹೋದರು.

"ನಾನು ಬರಬಾರದಿತ್ತು ಸಾಹೇಬ್ರೇ. ತಪ್ಪಾತು" ಎಂದೆ.

"ಬಂದ್ರಲ್ಲ, ಕೂಡ್ರಿ." ಚಾ ಬಂತು. ಆಮೇಲೆ, "ಮೇಷ್ಟ್ರೇ, ನಮ್ಮ ಮನೆಯಾಕಿಗೆ ಕಣ್ಣು ಕಾಣಲ್ಲ" ಎಂದರು.

ನಾನು ಗ್ಲಾಸು ಕೆಳಗಿಟ್ಟೆ.

"ಹನ್ನೆರಡು ವರ್ಸ ಆತು. ಕಣ್ಣಾಗ ಒತ್ತಡ ಅಂದ್ರು, ಒಂದು ಹೋತು, ಆಮ್ಯಾಲೆ ಇನ್ನೊಂದು. ಮನಿಯಾಗ ನಾವಿಬ್ರೇ. ನಾನು ಬಾಗಿಲದಾಗ ಬಂದು ಮಾತಾಡಿದ್ರೆ ಆಕೀಗೆ ನಾನು ಬಂದಂಗ. ಮಾತಾಡ್ಲಿಲ್ಲ ಅಂದ್ರೆ ನಾನು ಇಲ್ಲ. ಈಗ ನಿಮ್ಮ ದನಿ ಹೆಂಗೈತೋ ಹಂಗ ನಂದೂ ಆದ್ರೆ, ಆಕಿ ಯಾರ ಜೋಡಿ ಬಾಳುವೆ ಮಾಡ್ಬೇಕು ಹೇಳ್ರಿ?"

ಎರಡು ವಾರ ನಾನು ಇವರಿಗೆ ಮೈಕಿನ ಬಗ್ಗೆ ಹೇಳಿದ್ದೆ. ನನಗೆ ನಾಚಿಕೆಯಾಯಿತು. ನೀವು ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಕೇಳ್ಲಿಲ್ಲ" ಎಂದರು. ಹೆಂಡತಿಗೂ ಹೇಳಿರಲಿಲ್ಲ, ಗಂಟಲಲ್ಲಿ ಹುಣ್ಣು, ಮಾತ್ರೆಗೆ ಹೋಗುತ್ತದೆ ಅಂದಿದ್ದರಂತೆ. "ನೀವೇ ಬಂದು ಹೇಳ್ರಿ ಮೇಷ್ಟ್ರೇ. ನನ್ನ ಕೈಯಾಗ ಆಗಲ್ಲ."

ಹೂಂ ಅಂದರೆ ಅವರು ಆಸ್ಪತ್ರೆಗೆ ಮರಳುವ ಸಾಧ್ಯತೆ ಇತ್ತು. ಆದರೆ ಒಬ್ಬ ಹೆಂಗಸಿಗೆ ಅವಳ ಗಂಡನ ರೋಗವನ್ನು, ಅವಳು ಯಾವತ್ತೂ ಕೇಳದ ಗೊಗ್ಗರು ದನಿಯಲ್ಲಿ, ಗುರುತಿಲ್ಲದ ನಾನು ಹೇಳುವುದೇ? ಗ್ಲಾಸು ತಣ್ಣಗಾಗುವವರೆಗೂ ಯೋಚಿಸಿ, "ಹೇಳೋದು ನೀವೇ. ಹೇಳಿದ ಮೇಲೆ ಆ ತಾಯಿ ಏನಾದ್ರೂ ಕೇಳಬೇಕು ಅಂದ್ರೆ, ಆಗ ನಾನು ಬರ್ತೀನಿ" ಎಂದೆ. ಅವರ ಮುಖ ಬಿಗಿಯಾಯಿತು. ಚಾದ ದುಡ್ಡು ಕೊಟ್ಟು ಎದ್ದು ಹೋದರು. ಈ ಸಲ ಪೂರ್ತಿ ಕಳೆದುಕೊಂಡೆ ಅಂದುಕೊಂಡೆ.

ಮೂರನೆಯ ದಿನ ಅವರದೇ ಫೋನು. "ಆಕಿ ಕರೀತಾಳೆ, ಬರ್ರಿ."

ಮಾರುಕಟ್ಟೆಗೆ ಹೋದದ್ದನ್ನು ಆಪ್ತಸಮಾಲೋಚಕಿಗೆ ಹೇಳಿ ಬೈಸಿಕೊಂಡೆ. ಮನೆಗೆ ಒಬ್ಬನೇ ಹೋಗಕೂಡದು, ಹೆಣ್ಣುಮಕ್ಕಳೊಬ್ಬರು ಜೊತೆಗಿರಲಿ ಎಂದು ಅವರು ಒಪ್ಪಿಗೆ ಕೊಟ್ಟರು. ನನ್ನ ಹೆಂಡತಿಯನ್ನು ಕರೆದುಕೊಂಡೆ. ಇನ್ನೊಂದು ಯೋಚನೆ ಬಂದು, ಮಲೆಬೆನ್ನೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರಿಗೂ ಫೋನ್ ಮಾಡಿದೆ. ಅವರೂ ನಮ್ಮ ಜೊತೆಗಾರರು, ನನ್ನದೇ ಬಗೆಯ ವಾಲ್ವ್ ಇಟ್ಟುಕೊಂಡವರು. ವಾಲ್ವ್ ದನಿಗಳೆಲ್ಲ ಒಂದೇ ಅಲ್ಲ ಎಂದು ಆಕೆಗೆ ಕಿವಿಯಿಂದಲೇ ತಿಳಿಯಲಿ ಎಂಬುದು ನನ್ನ ಲೆಕ್ಕ.

ಹಳೇ ಊರಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಆಕೆ ಚಾಪೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾವು ಒಳಗೆ ಬಂದಾಗ ಕೈ ನಿಲ್ಲಿಸಿ, "ಮೂರು ಮಂದಿ" ಎಂದರು. ನಾನು ನನ್ನ ಪರಿಚಯ ಹೇಳಿಕೊಂಡೆ. ಆಕೆ ಮುಖವನ್ನು ಸ್ವಲ್ಪ ವಾರೆ ಮಾಡಿ, ಕಿವಿಯನ್ನು ನನ್ನ ಕಡೆಗಿಟ್ಟು ಕೇಳಿಸಿಕೊಂಡರು.

"ಇವರು ಹುಣ್ಣು ಅಂತ ಸುಳ್ಳು ಹೇಳಿದ್ರು. ನನಗೆ ಗೊತ್ತಿತ್ತು. ಇವರ ದನಿ ಕೆಡಾಕ ಹತ್ತಿದ್ದು ಎಲ್ಲಾರ್ಗಿಂತ ಮೊದ್ಲು ಗೊತ್ತಾಗಿದ್ದು ನನಗೇ" ಎಂದರು. ಗಂಡ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು.

ನಾನೂ ಮೆಕ್ಯಾನಿಕ್ಕೂ ಸರದಿಯಂತೆ ಮಾತಾಡಿದೆವು. ಆಮೇಲೆ ಸದ್ದಿಲ್ಲದೆ ಜಾಗ ಬದಲಿಸಿಕೊಂಡು, ಒಂದೇ ವಾಕ್ಯವನ್ನು ಇಬ್ಬರೂ ಹೇಳಿದೆವು. ಆಕೆ ನಕ್ಕರು. "ಮೇಷ್ಟ್ರು ಈಗ ಗೋಡೆ ಕಡೆ ಬಂದ್ರು. ಮೇಷ್ಟ್ರು ಎರಡು ಮಾತಿಗೆ ಒಂದ್ಸಲ ಉಸಿರು ತಗಂತಾರೆ. ಈ ಅಣ್ಣಾರದು ಟ್ಯಾಕ್ಟರ್ ಹೊಡದಂಗ, ಒಂದೇ ಎಳೆತ." ಮೆಕ್ಯಾನಿಕ್ ಜೋರಾಗಿ ನಕ್ಕರು, ಅಂದರೆ ಭುಜ ಕುಣಿಯಿತು ಅಷ್ಟೇ, ನಮ್ಮ ನಗುವಿಗೆ ಶಬ್ದ ಕಡಿಮೆ. ಗೆದ್ದೆವು ಎಂದು ನನಗನ್ನಿಸಿತು.

ಆಕೆ ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕಿಟ್ಟರು. "ಆದ್ರೆ ಅಣ್ಣಾ, ನೀವಿಬ್ರು ಬ್ಯಾರೆ ಬ್ಯಾರೆ ಅಂತ ಗೊತ್ತಾತು. ನೀವು ಮೊದ್ಲು ಹೆಂಗಿದ್ರಿ ನನಗೆ ಗೊತ್ತಿಲ್ಲ. ಆ ಮನುಷ್ಯಾನೇ ಈ ಮನುಷ್ಯ ಅಂತ ದನ್ಯಾಗ ಗೊತ್ತಾಗತೈತೋ ಇಲ್ಲೋ, ಅದು ಹೇಳ್ರಿ."

ನನ್ನ ಹೊಸ ದನಿಯನ್ನು ನಾನು ಒಳಗಿನಿಂದ ಕೇಳುವವನು. ಅದು ನನ್ನದೇ ಎಂದು ಹೊರಗಿನವರಿಗೆ ಅನ್ನಿಸುತ್ತದೋ ಇಲ್ಲವೋ, ಆರು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಮೆಕ್ಯಾನಿಕ್ ನನ್ನ ಮುಖ ನೋಡಿದರು. ಆಗ ಆಕೆ ಕೈಚಾಚಿ ನನ್ನ ಹೆಂಡತಿಯ ಮೊಣಕೈ ಮುಟ್ಟಿದರು. "ಅಕ್ಕಾ, ನೀವು ಹೇಳ್ರಿ. ನಿಮಗೆ ಇವರೇ ಅನ್ನಿಸತೈತಾ?"

ಹೆಂಡತಿ ನನ್ನ ಕಡೆ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಸುಳ್ಳು ಯಾಕ ಹೇಳ್ಲಿ ತಂಗಿ. ನಾಕು ತಿಂಗಳು ಅನ್ನಿಸ್ಲಿಲ್ಲ" ಎಂದಳು. "ಇವರು ಒಳಗ ಮಾತಾಡಿದ್ರೆ ಯಾರೋ ಬಂದಾರೆ ಅಂತ ಸೆರಗು ಸರಿ ಮಾಡ್ಕಂತಿದ್ದೆ. ಕಣ್ಣು ಮುಚ್ಚಿದ್ರೆ ಇವರು ಇಲ್ಲ. ಒಬ್ಬಳೇ ಕುಂತು ಅತ್ತೀನಿ. ಒಂದಿನ ಸಾರಿಗೆ ಉಪ್ಪು ಜಾಸ್ತಿ ಆತು ಅಂತ ಬೈದ್ರು ನೋಡು, ತಾಟು ದೂಡಿ. ಆ ಬೈಗಳದಾಗ ಎಲ್ಲಿ ಎಳೀಬೇಕೋ ಅಲ್ಲೇ ಎಳದ್ರು, ಎಲ್ಲಿ ಮುರೀಬೇಕೋ ಅಲ್ಲೇ ಮುರದ್ರು. ಅವತ್ತು ಗೊತ್ತಾತು, ಇವರೇ ಅಂತ."

ಆ ನಾಲ್ಕು ತಿಂಗಳ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಆಗ ನಾನು ಒಳ್ಳೆಯ ರೋಗಿ, ದಿನಾ ಮಾತಿನ ಅಭ್ಯಾಸ ಮಾಡುತ್ತಿದ್ದವನು, ಮನೆಯಲ್ಲಿ ಎಲ್ಲ ಸರಿಯಿದೆ ಅಂದುಕೊಂಡಿದ್ದವನು. ಎಷ್ಟೋ ರೋಗಿಗಳ ಮುಂದೆ 'ಮನೆಯವರಿಗೂ ಬೇಗ ಅಭ್ಯಾಸವಾಗುತ್ತದೆ' ಎಂದು ಹೇಳಿದ್ದೆ. ನನಗೆ ಆದದ್ದನ್ನು ಮಾತ್ರ ಹೇಳುತ್ತಿದ್ದೇನೆ ಎಂಬ ನಂಬಿಕೆಯಲ್ಲೇ ಹೇಳಿದ್ದೆ.

ಮೆಕ್ಯಾನಿಕ್ ಮಾತು ತೇಲಿಸಲು, ಸಾಹೇಬರ ಈಗಿನ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು ಎಂದರು. ಆಕೆ ತಲೆ ಅಲ್ಲಾಡಿಸಿದರು. "ಬ್ಯಾಡ. ಸತ್ತೋರ್ದು ಇಟ್ಕಂತಾರೆ. ಇರೋರ್ದು ಯಾಕ?" ಆಮೇಲೆ ಗಂಡ ನಿಂತಿದ್ದ ಕಡೆಗೆ ತಿರುಗಿ ಅವರ ಮನೆಯ ಉರ್ದುವಿನಲ್ಲಿ ಏನೋ ಕೇಳಿದರು. ದನಿಯೇ ಇಲ್ಲದ ದಿನಗಳಲ್ಲಿ ಮನೆಗೆ ಬಂದದ್ದನ್ನು ಹೇಗೆ ತಿಳಿಸುತ್ತೀರಿ ಎಂದು ಕೇಳಿದ್ದರಂತೆ. ಅವರು ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. "ಸಾಕು" ಎಂದರು ಆಕೆ ಕನ್ನಡದಲ್ಲಿ. "ನಾಳೆ ಹೋಗಿ ಸಹಿ ಮಾಡ್ರಿ."

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರನ್ನು ಹೊರಗೆ ತಂದಾಗ ಮಧ್ಯಾಹ್ನ ಕಳೆದಿತ್ತು. ವಾಲ್ವನ್ನೂ ಅದೇ ಸಲ ಕೂರಿಸಿದರು. ಮೂಗಿನಲ್ಲಿ ಆಹಾರದ ನಳಿಗೆ, ಕುತ್ತಿಗೆಗೆ ಹೊಲಿಗೆ. ನನ್ನ ಪಾಲಿನ ಕೆಲಸ ಅಲ್ಲಿಂದ ಶುರು. ನರ್ಸ್ ಹೇಳಿಕೊಟ್ಟದ್ದನ್ನೇ ಕನ್ನಡಿ ಹಿಡಿದು ಮತ್ತೆ ತೋರಿಸುವುದು, ರಂಧ್ರದ ಸುತ್ತ ಒಣಗಿದ ಕಫವನ್ನು ಒದ್ದೆ ಹತ್ತಿಬಟ್ಟೆಯಿಂದ ಬಿಡಿಸುವುದು, ರಂಧ್ರದ ಮುಂದೆ ಒದ್ದೆ ಬಟ್ಟೆಯ ತೆರೆ ಕಟ್ಟುವುದು, ಸ್ನಾನದಲ್ಲಿ ನೀರು ಒಳಗೆ ಇಳಿಯದ ಹಾಗೆ ತಲೆ ಬಗ್ಗಿಸುವುದು. ಅವರ ಹೆಂಡತಿ ಪಕ್ಕದಲ್ಲಿ ಕೂತು ಗಂಡನ ಉಸಿರನ್ನು ಕೇಳುತ್ತಿದ್ದರು. ಕಫ ಕಟ್ಟುವುದು ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. "ಸಿಸ್ಟರ್, ಸೀಟಿ ಹೊಡೆಯಾಕ ಹತ್ತೈತೆ" ಎಂದು ಕರೆಯುತ್ತಿದ್ದರು.

ಹತ್ತನೆಯ ದಿನ ಹೊಲಿಗೆಯ ಒಂದು ಮೂಲೆಯಲ್ಲಿ ಜೊಲ್ಲು ಸೋರತೊಡಗಿತು. ಒಳಗಿನ ಗಾಯ ಕೂಡಿಕೊಂಡಿರಲಿಲ್ಲ. ನಳಿಗೆ ತೆಗೆಯುವುದನ್ನೂ ದನಿಯ ಅಭ್ಯಾಸವನ್ನೂ ಮುಂದಕ್ಕೆ ಹಾಕಿದರು. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಸಾಹೇಬರು ಸ್ಲೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದರು: 'ಇದು ನೀವು ಹೇಳಲಿಲ್ಲ.'

ನನಗೆ ಹಾಗಾಗಿರಲಿಲ್ಲ, ಆದ್ದರಿಂದ ಹೇಳಿರಲಿಲ್ಲ. ಸರ್ಜನ್ ಹೇಳಿದ್ದರು, ಒಪ್ಪಿಗೆ ಪತ್ರದಲ್ಲೂ ಇತ್ತು. ಆದರೆ ಅವರು ನಂಬಿದ್ದು ಪತ್ರವನ್ನಲ್ಲ, ನನ್ನನ್ನು. ನನ್ನ ಅನುಭವ ಎಷ್ಟು ಸಣ್ಣದು ಎಂದು ಅವತ್ತು ಅಳತೆ ಸಿಕ್ಕಿತು. ಸಮಜಾಯಿಷಿ ಕೊಡಲು ಹೆಬ್ಬೆರಳು ಎತ್ತಿದವನು ಇಳಿಸಿಬಿಟ್ಟೆ. ಸ್ಲೇಟು ತೆಗೆದುಕೊಂಡು 'ಹೌದು' ಎಂದು ಬರೆದು ವಾಪಸ್ ಕೊಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ನಾಲ್ಕು ಸಲ ಹೋದಾಗಲೂ ಹಾಗೇ ಮಲಗಿದ್ದರು. ಹೋಗುವುದೋ ಬಿಡುವುದೋ ಗೊತ್ತಾಗದೆ ಹೋಗುತ್ತಿದ್ದೆ, ಸುಮ್ಮನೆ ಕೂತು ಬರುತ್ತಿದ್ದೆ. ಐದನೆಯ ಸಲ ಹತ್ತಿಬಟ್ಟೆಯ ಡಬ್ಬಿಯನ್ನು ಅವರೇ ನನ್ನ ಕಡೆ ದೂಡಿದರು.

ಗಾಯ ಕೂಡಲು ಇನ್ನೂ ಮೂರು ವಾರ ಹಿಡಿಯಿತು. ನಳಿಗೆ ತೆಗೆದು, ಮೊದಲ ಗಂಜಿ ಕುಡಿಸಿ, ದನಿಯ ದಿನ ಗೊತ್ತು ಮಾಡಿದರು. ಮಾತಿನ ಚಿಕಿತ್ಸಕಿಯ ಸಣ್ಣ ಕೋಣೆಯಲ್ಲಿ ನಾವು ನಾಲ್ವರು. ಸಾಹೇಬರು ಕುರ್ಚಿಯಲ್ಲಿ, ಎದುರಿಗೆ ಅವರ ಹೆಂಡತಿ, ಗೋಡೆಗೆ ಒರಗಿ ನಾನು. ಆಕೆ ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು.

ಮೊದಲ ಸಲ ಹೆಬ್ಬೆರಳು ಸರಿಯಾಗಿ ಕೂರದೆ ಬರೀ ಗಾಳಿ ಬುಸುಗುಟ್ಟಿತು. ಎರಡನೆಯ ಸಲ ಜೋರಾಗಿ ಒತ್ತಿ ಕೆಮ್ಮಿದರು. "ಒತ್ತಬೇಡಿ, ಮೆಲ್ಲಗೆ ಮುಚ್ಚಿ ಸಾಕು" ಎಂದರು ಚಿಕಿತ್ಸಕಿ. ಮೂರನೆಯ ಸಲ ಎಲ್ಲೋ ಆಳದಿಂದ ಒಂದು ಶಬ್ದ ಎದ್ದಿತು. ಅವರೇ ಬೆಚ್ಚಿದರು. ಮತ್ತೆ ಉಸಿರೆಳೆದುಕೊಂಡು, ಹೆಂಡತಿಯ ಮುಖವನ್ನೇ ನೋಡುತ್ತಾ, ಉರ್ದುವಿನಲ್ಲಿ 'ನಾನು' ಎಂದರು.

ಆಕೆ ತಲೆ ವಾರೆ ಮಾಡಿದರು. ನನಗೆ ನನ್ನ ಹೆಂಡತಿ ಹೇಳಿದ ನಾಲ್ಕು ತಿಂಗಳೆಲ್ಲ ಮರೆತುಹೋಗಿ, ಈಗಲೇ, ಈ ಕ್ಷಣವೇ ಗುರುತು ಸಿಗಲಿ ಎಂದು ಮನಸ್ಸು ಹಟ ಹಿಡಿದಿತ್ತು.

"ಇನ್ನೊಂದ್ಸಲ" ಎಂದರು ಆಕೆ.

ಅವರು ಇನ್ನೊಂದು ಸಲ ಹೇಳಿದರು. ಈ ಸಲ ಇನ್ನೂ ಸ್ಪಷ್ಟ.

"ಇವರು ಯಾರೋ ಬ್ಯಾರೆಯವರು" ಎಂದರು ಆಕೆ. ನಮಗೂ ತಿಳಿಯಲೆಂದು ಕನ್ನಡದಲ್ಲೇ.

ಅವರ ಹೆಬ್ಬೆರಳು ಕುತ್ತಿಗೆಯಿಂದ ಜಾರಿತು. ಚಿಕಿತ್ಸಕಿ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಹೊರಗೆ ಯಾರದೋ ಹೆಸರು ಕರೆಯುತ್ತಿದ್ದರು.

ಆಕೆ ಕುರ್ಚಿಯನ್ನು ಸರ್ರನೆ ಮುಂದಕ್ಕೆ ಎಳೆದುಕೊಂಡು, ಗಂಡನ ಮೊಣಕಾಲಿಗೆ ತಮ್ಮ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

"ಯಾಕ ಸುಮ್ಮನಾದ್ರಿ? ನಿಕಾ ಆದಾಗ ನಿಮ್ಮ ದನಿ ನನಗೆ ಗೊತ್ತಿತ್ತೇನು? ದಿನಾ ಮಾತಾಡಿದ್ರಿ, ಗೊತ್ತಾತು. ಮಾತಾಡ್ರಿ."